ವರ್ನಿಯರ್ ಹಿಡಿದು ಅಳೆದ ಜುಮಕಿ

ಬೇರೆಯವರಿಗೆ ತಮಾಷೆಯ ಸಂಗತಿಗಳು ಆರಾಮಾಗಿ ಕಾಲು ಚಾಚಿ ಕೂತಾಗ ನಡೆಯುತ್ತವೆ. ನನಗೆ ಮಾತ್ರ ಎದೆ ಢವಢವ ಎನ್ನುವಾಗಲೇ ನಡೆಯುತ್ತವೆ, ಅದೂ ಒಂದರ ಹಿಂದೊಂದು. ಆ ಹೊತ್ತಿನಲ್ಲಿ ನಗಲು ಪುರಸೊತ್ತಿರುವುದಿಲ್ಲ. ವಾರ ಕಳೆದ ಮೇಲೆ ಬಸ್ಸಿನಲ್ಲಿ ಕೂತಾಗ ನೆನಪಾಗಿ ಒಬ್ಬಳೇ ನಗುತ್ತೇನೆ, ಪಕ್ಕದವರು ಮೆಲ್ಲನೆ ಎದ್ದು ಬೇರೆ ಸೀಟಿಗೆ ಹೋಗುತ್ತಾರೆ.

ನಾನು ಪೀಣ್ಯದ ಒಂದು ಸಣ್ಣ ಯೂನಿಟ್ಟಿನಲ್ಲಿ ಇನ್‌ಸ್ಪೆಕ್ಷನ್ ಕೆಲಸದವಳು. ನಮ್ಮಲ್ಲಿ ಬುಷ್ ತಯಾರಾಗುತ್ತದೆ. ಅಂದರೆ ಮೆಷಿನ್ನಿನ ಹೊಟ್ಟೆಯೊಳಗೆ ಕೂರುವ ಉಕ್ಕಿನ ಉಂಗುರ. ಬೆಳಿಗ್ಗೆಯಿಂದ ಸಂಜೆಯವರೆಗೆ ವರ್ನಿಯರ್ ಹಿಡಿದು ಅದರ ಅಳತೆ ನೋಡುವುದು, ಸರಿಯಿದ್ದರೆ ಈ ಟ್ರೇಗೆ, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೆ ರೀವರ್ಕ್‌ಗೆ, ಅಂದರೆ ಮಾಡಿದವರ ಹತ್ತಿರವೇ ಸರಿಮಾಡಲು ಕಳಿಸುವ ಆ ಟ್ರೇಗೆ. ಇಷ್ಟು ವರ್ಷ ಇದನ್ನೇ ಮಾಡಿ ಮಾಡಿ ಮನೆಯಲ್ಲಿ ಚಪಾತಿ ಲಟ್ಟಿಸಿದರೂ ಎರಡು ಟ್ರೇ ಇಡುವಂತಾಗಿದೆ.

ಗಿಲೀಟಿನ ಓಲೆ ಹಾಕಿದರೆ ನನ್ನ ಕಿವಿ ಕೆಂಪಾಗಿ ಕೀವಾಗುತ್ತಿತ್ತು. ಮಗಳ ಶಾಲೆಯ ಪ್ರಾಜೆಕ್ಟಿನಲ್ಲಿ ಮಿಕ್ಕಿದ ಬಣ್ಣದ ಕಾಗದದ ಪಟ್ಟಿಗಳು ಮನೆಯಲ್ಲಿ ಬಿದ್ದಿದ್ದವು. ಪಟ್ಟಿಯನ್ನು ಸೂಜಿಗೆ ಬಿಗಿಯಾಗಿ ಸುತ್ತಿ, ತುದಿಗೆ ಅಂಟು ಹಚ್ಚಿ, ಬೆರಳಿನಿಂದ ಒತ್ತಿ ಬಟ್ಟಲಿನಂತೆ ಉಬ್ಬಿಸಿ, ಮೇಲೆ ವಾರ್ನಿಷ್ ಬಳಿದರೆ ಜುಮಕಿಯಾಗುತ್ತದೆ. ಕ್ವಿಲಿಂಗ್ ಅನ್ನುತ್ತಾರೆ. ಗಾಳಿಗಿಂತ ಒಂದು ಚೂರು ಭಾರ, ಅಷ್ಟೇ. ಕಿವಿಗೂ ನೆಮ್ಮದಿ, ನನಗೂ ನೆಮ್ಮದಿ ಅಂದುಕೊಂಡೆ. ನೆಮ್ಮದಿ ಅಲ್ಲಿಗೇ ಮುಗಿಯಿತು.

ಒಂದು: ಕಿವಿಯ ರೀವರ್ಕ್

ಮೊದಲ ಜೊತೆ ಮಾಡಿದ್ದು ನನ್ನ ನಾದಿನಿಗೆ. ಅವಳ ಮಗುವಿನ ನಾಮಕರಣ, ಹೊತ್ತಾಗುತ್ತಿದೆ, ಹೊರಗೆ ಆಟೋ ಹಾರ್ನ್ ಹೊಡೆಯುತ್ತಿದೆ. ಜುಮಕಿ ಕೈಗೆ ಕೊಡುವ ಮೊದಲು ಅಭ್ಯಾಸಬಲದಿಂದ ವರ್ನಿಯರ್ ಹಾಕಿ ನೋಡಿದೆ. ಬಲಗಡೆಯದು ಎಡಗಡೆಯದಕ್ಕಿಂತ ಅರ್ಧ ಮಿಲ್ಲಿಮೀಟರ್ ದಪ್ಪ.

"ಕೊಡಲ್ಲ, ಇದು ರಿಜೆಕ್ಟ್" ಎಂದೆ.

"ಅತ್ತಿಗೆ, ನಾಮಕರಣಕ್ಕೆ ಬಂದೋರು ಮಗು ನೋಡ್ತಾರೋ, ನನ್ ಕಿವಿಗೆ ಸ್ಕೇಲ್ ಇಡ್ತಾರೋ?" ಎಂದು ಅವಳು ಅಳುಮುಖ ಮಾಡಿದಳು.

ನಾನು ಜಗ್ಗಲಿಲ್ಲ. ಅಂಟು ಬಿಚ್ಚಿ ಮತ್ತೆ ಸುತ್ತಲು ಕೂತೆ. ಆಟೋದವನು ಇನ್ನೊಂದು ಸಲ ಹಾರ್ನ್ ಹೊಡೆದು ಬೈಯತೊಡಗಿದ. ಬಾಗಿಲಲ್ಲಿ ನಿಂತಿದ್ದ ನಮ್ಮ ಯಜಮಾನರು ವರ್ನಿಯರ್ ಕಿತ್ತುಕೊಂಡು ತಂಗಿಯ ಎರಡೂ ಕಿವಿಗಳಿಗೆ ಹಾಕಿ ನೋಡಿದರು.

"ಎಡಗಿವಿ ಬಲಗಿವಿಗಿಂತ ಮೂರು ಮಿಲ್ಲಿಮೀಟರ್ ಉದ್ದ ಇದೆ ಕಣೇ. ಈಗೇನು, ಇವಳನ್ನ ನಮ್ಮಮ್ಮನ ಹತ್ರ ರೀವರ್ಕ್‌ಗೆ ಕಳಿಸ್ಲಾ?"

ಎರಡು: ಡ್ರಾಯಿಂಗ್ ಇಲ್ಲದೆ ಆರ್ಡರ್ ಇಲ್ಲ

ನಮ್ಮ ಪ್ಯಾಕಿಂಗ್ ವಿಭಾಗದಲ್ಲಿ ಒಬ್ಬ ಹುಡುಗಿ ಇದ್ದಳು. ನಮಗೆ ರಟ್ಟಿನ ಡಬ್ಬ ತಂದುಕೊಡುವ ವರ್ತೂರಿನ ಹುಡುಗನ ಜೊತೆ ಅವಳ ಮದುವೆ ಗೊತ್ತಾಯಿತು. ಹುಡುಗ ತನ್ನ ಮನೆಯವರಿಗೆ ಮೊದಲೇ ಹೇಳಿಬಿಟ್ಟಿದ್ದ: ಒಡವೆ ಗಿಡವೆ ಅಂತ ಯಾರೂ ಬಾಯಿ ಬಿಡಕೂಡದು. ಅವರೂ ಒಪ್ಪಿದ್ದರು.

ಆದರೆ ಮದುಮಗಳು ಬರಿಗತ್ತಿನಲ್ಲಿ ನಿಲ್ಲುವುದುಂಟೇ? ಪಕ್ಕದ ಮನೆಯವರದ್ದು ಇಸಕೊಂಡು ಹಾಕೋಣ ಎಂದಳು ಅವಳ ತಾಯಿ. ಹುಡುಗಿ ಸುತರಾಂ ಒಪ್ಪಲಿಲ್ಲ. ಒಂದು ಊಟದ ವೇಳೆಯಲ್ಲಿ ನನ್ನ ಪಕ್ಕ ಬಂದು ಕೂತು ಕಾರಣ ಹೇಳಿದಳು.

"ನಮ್ಮಕ್ಕನ ಮದುವೇಲಿ ಹಂಗೇ ಮಾಡಿದ್ರು ಅಕ್ಕಾ. ಒಡವೆ ಕೊಟ್ಟೋರು ಮಂಟಪದ ಮೂಲೇಲೇ ನಿಂತಿದ್ರು. ಅಕ್ಕ ಬಗ್ಗಿ ನಮಸ್ಕಾರ ಮಾಡೋವಾಗೆಲ್ಲ 'ಹುಷಾರಮ್ಮಾ, ಕೊಂಡಿ ಸಡಿಲ ಇದೆ' ಅಂತ ಎಲ್ಲರಿಗೂ ಕೇಳೋ ಹಾಗೆ ಕೂಗೋರು. ಅವಳು ಅತ್ತಿದ್ದು ತವರು ಬಿಟ್ಟು ಹೋಗ್ಬೇಕಲ್ಲಾ ಅಂತ ಅಂದ್ಕೊಂಡ್ರು ಎಲ್ಲರೂ. ನಂಗೆ ಗೊತ್ತು ಯಾಕೆ ಅತ್ತಳು ಅಂತ."

"ಹಾಗಾದ್ರೆ ಗಿಲೀಟು ಹಾಕ್ಕೋ."

"ಗಿಲೀಟು ಚಿನ್ನ ಅಂತ ಸುಳ್ಳು ಹೇಳುತ್ತೆ ಅಕ್ಕಾ. ನಂಗೆ ನೀವು ಮಾಡೋ ಈ ಕಾಗದದ್ದೇ ಬೇಕು. ಯಾರಾದ್ರೂ ಕೇಳಿದ್ರೆ ಕಾಗದ ಅಂತಾನೇ ಹೇಳ್ತೀನಿ. ಆದ್ರೆ ನೋಡೋಕೆ ಮಾತ್ರ ಯಾರೂ ಅಯ್ಯೋ ಪಾಪ ಅನ್ನಬಾರದು."

ನನಗೆ ಹೆದರಿಕೆಯಾಯಿತು. ಕುತ್ತಿಗೆಗೆ ಹಾರ, ಕಿವಿಗೆ ಜುಮಕಿ, ತೋಳಿಗೆ ವಂಕಿ, ಸೊಂಟಕ್ಕೆ ಡಾಬು, ಎಲ್ಲವೂ ಕಾಗದದ್ದು. ಮಂಟಪದಲ್ಲಿ ಒಂದು ಸುರುಳಿ ಬಿಚ್ಚಿಕೊಂಡರೂ ಅಕ್ಕನ ಮದುವೆಗಿಂತ ದೊಡ್ಡ ಅವಮಾನ ಇವಳಿಗೆ. ಏನೂ ತೋಚದೆ ನಮ್ಮ ವಿಭಾಗದ ಮಾತನ್ನೇ ಆಡಿದೆ: "ಡ್ರಾಯಿಂಗ್ ಇಲ್ಲದೆ ನಾನು ಆರ್ಡರ್ ತಗೋಳಲ್ಲ."

ಮಾರನೆಯ ದಿನ ಅವಳು ಗೇಟ್ ಪಾಸಿನ ಹಿಂಬದಿಯಲ್ಲಿ ಒಂದು ಹಾರ ಬರೆದು ತಂದಳು. ನಡುವೆ ದೊಡ್ಡ ಪದಕ, ಎರಡೂ ಕಡೆ ನಾಲ್ಕು ನಾಲ್ಕು ಪುಟ್ಟ ಪದಕ. ಬಾಣದ ಗುರುತು ಹಾಕಿ ಅಳತೆಯನ್ನೂ ಬರೆದಿದ್ದಳು. ಪಾಸು ತಿರುಗಿಸಿ ನೋಡಿದೆ. ನಮ್ಮಲ್ಲಿ ಯಾವ ಸಾಮಾನು ಹೊರಗೆ ಹೋದರೂ ಅದು ವಾಪಸ್ ಬರುವಂಥದ್ದೋ ಅಲ್ಲವೋ ಎಂದು ಪಾಸಿನಲ್ಲಿ ಗುರುತು ಹಾಕಬೇಕು. ಸಾಮಾನಿನ ಹೆಸರು ಅನ್ನುವ ಕಡೆ "ನನ್ನ ಒಡವೆ" ಎಂದು ಬರೆದು, ಕೆಳಗಡೆ ಪ್ಯಾಕಿಂಗ್ ವಿಭಾಗದ ದೊಡ್ಡ ಕೆಂಪು ಸೀಲನ್ನೇ ಒತ್ತಿದ್ದಳು: ನಾನ್ ರಿಟರ್ನಬಲ್.

ಮೂರು: ಸೈಜು ಕರೆಕ್ಟ್

ಹಾರದ ಎಳೆಗೆ ಒಂದೇ ಅಳತೆಯ ಬೆಳ್ಳಿಬಣ್ಣದ ಕಾಗದದ ಉಂಗುರಗಳು ಬೇಕಿದ್ದವು. ಕೈಯಲ್ಲಿ ಸುತ್ತಿದರೆ ಒಂದು ದಪ್ಪ ಒಂದು ಸಣ್ಣ. ಕಂಪನಿಯ ಮಾಸ್ಟರ್ ಪೀಸ್ ಇರುತ್ತದಲ್ಲ, ಉಳಿದೆಲ್ಲ ಬುಷ್‌ಗಳನ್ನು ಹೋಲಿಸಿ ನೋಡುವ ಆ ಒಂದು ಅಪ್ಪಟ ಬುಷ್, ಅದರ ಅಳತೆಗೇ ಸುತ್ತಿದೆ. ವಾರ್ನಿಷ್ ಬಳಿದು ನನ್ನ ಮೇಜಿನ ಮೇಲೆ, ಪಾಸಾದ ಬುಷ್‌ಗಳ ಟ್ರೇ ಪಕ್ಕದಲ್ಲೇ ಒಣಗಲು ಇಟ್ಟು ಊಟಕ್ಕೆ ಹೋದೆ. ವಾಪಸ್ ಬಂದು ನೋಡಿದರೆ ಒಂದು ಕಮ್ಮಿ.

ಟ್ರೇ ಕೆಳಗೆ ಹುಡುಕಿದೆ, ಕಸದ ಬುಟ್ಟಿ ಬೋರಲು ಹಾಕಿದೆ. ಆಮೇಲೆ ಪ್ಯಾಕಿಂಗ್ ಕಡೆ ನೋಡಿದೆ. ಮದುವೆಯ ಕನಸಿನಲ್ಲಿದ್ದ ನಮ್ಮ ಹುಡುಗಿ ಡಬ್ಬಗಳಿಗೆ ಟೇಪ್ ಹಾಕಿ ಮುಗಿಸಿದ್ದಳು. ಡಬ್ಬಗಳು ಲಾರಿ ಹತ್ತಿ ಗೇಟು ದಾಟಿಯೂ ಆಗಿತ್ತು.

ಮೂರು ದಿನ ಅನ್ನ ಸೇರಲಿಲ್ಲ. ನಾಲ್ಕನೆಯ ದಿನ ಓನರ್ ಸೀದಾ ನನ್ನ ಮೇಜಿನ ಬಳಿ ಬಂದರು. ಮುಖ ಕುಕ್ಕರಿನ ಹಾಗೆ ಆಗಿತ್ತು.

"ಕಸ್ಟಮರ್ ಫೋನ್ ಮಾಡಿದ್ರು. ಡಬ್ಬದಲ್ಲಿ ಒಂದು ಪೀಸ್ ಕಾಗದದ್ದಿದೆಯಂತೆ. ಕಾಗದದ ಬುಷ್! ಏನಮ್ಮಾ ಇದು?"

ಹುಡುಗಿ ಓಡಿಬಂದು ಅಡ್ಡ ನಿಂತಳು. "ನಂದೇ ತಪ್ಪು ಸಾರ್, ನಾನೇ ಪ್ಯಾಕ್ ಮಾಡಿದ್ದು. ಅದು ನನ್ನ ಮದುವೆ ಹಾರದ್ದು" ಎಂದು ಅಕ್ಕನ ಮದುವೆಯಿಂದ ಹಿಡಿದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. ಕೇಳುತ್ತಾ ಕೇಳುತ್ತಾ ಓನರ್ ಮುಖದ ಹಬೆ ಇಳಿಯಿತು. ಅವರು ಕೋಪಿಷ್ಠರೇ ಹೊರತು ಕೆಟ್ಟವರಲ್ಲ.

ನಾನು ಮೆಲ್ಲನೆ ಕೇಳಿದೆ. "ಕಸ್ಟಮರ್ ಇನ್ನೇನಂದ್ರು ಸಾರ್?"

ಓನರ್ ತಲೆ ಕೆರೆದುಕೊಂಡರು. "ಇಡೀ ಲಾಟಲ್ಲಿ ಅದೊಂದೇ ಪೀಸು ಸೈಜ್ ಕರೆಕ್ಟಾಗಿದೆಯಂತೆ. ಮಿಕ್ಕಿದ್ದನ್ನೂ ಅದರ ಹಾಗೇ ಮಾಡಿ ಅಂದ್ರು."

ನಾಲ್ಕು: ಓನರ್ ಮಾಡಿದ ಉಪಕಾರ

ಅಂದಿನಿಂದ ಓನರಿಗೆ ನಮ್ಮ ಒಡವೆಯ ಮೇಲೆ ವಿಪರೀತ ಪ್ರೀತಿ ಹುಟ್ಟಿತು. ದಿನಾ ಬಂದು "ಎಲ್ಲಿಗೆ ಬಂತು?" ಎಂದು ವಿಚಾರಿಸುತ್ತಿದ್ದರು. ಮದುವೆಗೆ ಒಂದು ವಾರ ಇರುವಾಗ ಸೆಟ್ ಪೂರ್ತಿಯಾಯಿತು. ಆದರೆ ಮೋಡ ಮುಚ್ಚಿಕೊಂಡಿತ್ತು, ವಾರ್ನಿಷ್ ಒಣಗುತ್ತಿರಲಿಲ್ಲ. ಬೆರಳಿಟ್ಟರೆ ಹಲಸಿನ ಮೇಣದ ಹಾಗೆ ಅಂಟು. ನಾನು ಅದನ್ನು ಓನರ್ ಮುಂದೆ ಹೇಳಿಕೊಂಡಿದ್ದೇ ತಪ್ಪಾಯಿತು.

ಮಧ್ಯಾಹ್ನ ನೋಡುತ್ತೇನೆ, ಟ್ರೇ ಖಾಲಿ. ಜುಮಕಿ ಇಲ್ಲ, ಹಾರ ಇಲ್ಲ, ವಂಕಿ ಇಲ್ಲ, ಡಾಬಿಲ್ಲ. ಅಷ್ಟರಲ್ಲಿ ಓನರ್ ನಗುನಗುತ್ತಾ ಬಂದರು.

"ಗಾಬರಿಯಾಗ್ಬೇಡಿ. ಹಿಂದಿನ ಕ್ರಾಸಲ್ಲಿ ಪೌಡರ್ ಕೋಟಿಂಗ್ ಮಾಡ್ತಾರಲ್ಲ ನನ್ನ ಸ್ನೇಹಿತರು, ಅವರ ಹತ್ರ ಕಳಿಸಿದ್ದೀನಿ. ಎರಡು ಗಂಟೇಲಿ ಫಳಫಳ ಅಂತ ಬರುತ್ತೆ. ಮದುವೆಗೆ ನನ್ನ ಉಡುಗೊರೆ ಅಂದ್ಕೊಳ್ಳಿ."

ಪೌಡರ್ ಕೋಟಿಂಗ್ ಎಂದರೆ ಕಬ್ಬಿಣದ ಬೀರು, ಗೇಟುಗಳಿಗೆ ಮಾಡುವಂಥದ್ದು. ಬಣ್ಣದ ಪುಡಿ ಎರಚಿ, ಸಾಮಾನನ್ನು ಕೊಕ್ಕೆಗೆ ನೇತುಹಾಕಿ, ಬೇಕರಿ ಒಲೆಗಿಂತ ಬಿಸಿಯಾದ ಓವನ್ನಿನೊಳಗೆ ತಳ್ಳುತ್ತಾರೆ. ಆ ಕೋಟಿಂಗಿನವರಿಗೆ ಪೀಣ್ಯದಲ್ಲಿ ಉಕ್ಕು, ಹಿತ್ತಾಳೆ, ಅಲ್ಯೂಮಿನಿಯಂ ಬಿಟ್ಟು ನಾಲ್ಕನೆಯ ವಸ್ತು ಇದೆಯೆಂದೇ ಗೊತ್ತಿಲ್ಲ.

ಆ ಕ್ರಾಸಿಗೆ ನಾನು ಓಡಿದ ಓಟ ನೋಡಿ ಟೀ ಅಂಗಡಿಯವರು ಎಲ್ಲೋ ಬೆಂಕಿ ಬಿದ್ದಿದೆ ಎಂದುಕೊಂಡರಂತೆ. ಒಂದು ಲೆಕ್ಕಕ್ಕೆ ಸರಿಯೇ. ಅಲ್ಲಿನ ಸೂಪರ್‌ವೈಸರ್ ಚಲನ್ ಹಿಡಿದು ಚಿಂತೆಯಲ್ಲಿ ನಿಂತಿದ್ದ.

"ಮೇಡಂ, ನಿಮ್ಮ ಜಾಬ್‌ಗೆ ಪೌಡರೇ ಸರಿಯಾಗಿ ಹಿಡೀಲಿಲ್ಲ, ಹಾರ್ಕೊಂಡ್ ಹೋಯ್ತು. ಯಾವ ಗ್ರೇಡ್ ಮೆಟೀರಿಯಲ್ಲು?"

"ಕಾಗದ ಅಣ್ಣಾ, ಕಾಗದ! ಎಲ್ಲಿದೆ?"

ಅವನು ಓವನ್ನಿನ ಕಡೆ ನೋಡಿದ. ನಾನೂ ನೋಡಿದೆ. ಬಾಗಿಲು ತೆಗೆದಾಗ ಕೊಕ್ಕೆಯಲ್ಲಿ ಕಂದುಬಣ್ಣದ ಹಪ್ಪಳಗಳು ಸಾಲಾಗಿ ನೇತಾಡುತ್ತಿದ್ದವು. ನಾನು ಒಂದನ್ನು ಮುಟ್ಟಿದ ಕೂಡಲೇ ಅದು ಪುಡಿಯಾಗಿ ನನ್ನ ಚಪ್ಪಲಿಯ ಮೇಲೆ ಬಿತ್ತು. ನಾನು ಅಲ್ಲೇ ಕೂತು ಅತ್ತೆ. ಆ ಪುಣ್ಯಾತ್ಮ ಪಾಪ, ತನ್ನ ಕೈಲಾದ ಸಮಾಧಾನ ಹೇಳಿದ.

"ಅಳ್ಬೇಡಿ ಮೇಡಂ, ಇನ್ನೊಂದು ಕೋಟ್ ಹೊಡ್ಕೊಡ್ತೀನಿ."

ಹುಡುಗಿಗೆ ಹೇಗೆ ಮುಖ ತೋರಿಸುವುದೆಂದು ತಿಳಿಯದೆ ವಾಪಸ್ ಬಂದೆ. ಅವಳು ಬೂದಿಯ ಕವರ್ ನೋಡಿದಳು, ನನ್ನ ಮುಖ ನೋಡಿದಳು. "ಸದ್ಯ, ಇಸ್ಕೊಂಡ ಒಡವೆ ಆಗಿದ್ರೆ ಈಗ ನಾವಿಬ್ರೂ ಪೊಲೀಸ್ ಸ್ಟೇಷನ್‌ನಲ್ಲಿ ಇರ್ತಿದ್ವಿ ಅಕ್ಕಾ" ಎಂದಳು. ನಕ್ಕಳೆಂದು ನಾನೂ ನಕ್ಕೆ. ಉಳಿದದ್ದು ಆರು ದಿನ. ಇನ್‌ಸ್ಪೆಕ್ಷನ್ನಿನ ಹೆಂಗಸರೆಲ್ಲ ಊಟದ ಹೊತ್ತಿನಲ್ಲಿ ಒಂದು ಕೈಯಲ್ಲಿ ತುತ್ತು, ಇನ್ನೊಂದು ಕೈಯಲ್ಲಿ ಕಾಗದ ಸುತ್ತಿದರು. ಪುಣ್ಯಕ್ಕೆ ಬಿಸಿಲು ಬಂತು. ಓನರನ್ನು ಇನ್‌ಸ್ಪೆಕ್ಷನ್ ಕೋಣೆಯೊಳಗೆ ಬಿಡಲಿಲ್ಲ.

ಐದು: ಮೂವತ್ತು ಬೈ ನಲವತ್ತು

ಮದುವೆ ವರ್ತೂರಿನ ಕಡೆಯ ಛತ್ರದಲ್ಲಿ. ಹುಡುಗನ ಮನೆಯವರು ಹಿಂದೆ ಬೇಸಾಯಗಾರರು, ಈಗ ಬಾಡಿಗೆ ಮನೆಗಳ ಮಾಲೀಕರು. ಹುಡುಗಿ ಮಂಟಪಕ್ಕೆ ಬಂದಾಗ ಕೆಂಪು ಸೀರೆಯ ಮೇಲೆ ನಮ್ಮ ಹಾರ ನಿಜಕ್ಕೂ ಕಣ್ಣು ತುಂಬುವ ಹಾಗಿತ್ತು. ನಾಲ್ಕು ಜನ ತಿರುಗಿ ನೋಡಿದರು. ಯಾರೂ ಅಯ್ಯೋ ಪಾಪ ಅನ್ನಲಿಲ್ಲ.

ನನಗೆ ಮಾತ್ರ ಧಾರೆಯದ್ದೇ ಭಯ. ನಮ್ಮ ಕಡೆ ಧಾರೆಗೆ ನೆಂಟರಿಷ್ಟರೆಲ್ಲ ಸಾಲಾಗಿ ಬಂದು ಮದುಮಕ್ಕಳ ಕೈಮೇಲೆ ಹಾಲು ಹೊಯ್ಯುತ್ತಾರೆ. ಒಬ್ಬೊಬ್ಬರದು ಒಂದೊಂದು ರೀತಿ. ಕೆಲವರು ತೀರ್ಥದ ಹಾಗೆ ತೊಟ್ಟಿಕ್ಕಿಸಿದರು, ಕೆಲವರು ಎಮ್ಮೆ ಮೈ ತೊಳೆಯುವ ಹಾಗೆ ಸುರಿದರು. ಹಾಲು ಹುಡುಗಿಯ ಮೊಣಕೈವರೆಗೆ ಹರಿಯಿತು. ವಂಕಿ ಇದ್ದದ್ದು ಅದರಿಂದ ಮೂರು ಬೆರಳು ಮೇಲೆ. ನಾನು ಪಕ್ಕದಲ್ಲೇ ನಿಂತು ಪ್ರತಿಯೊಬ್ಬರಿಗೂ "ಸ್ವಲ್ಪ ಕೆಳಗೆ ಹಿಡೀರಿ, ಸ್ವಲ್ಪ ಕೆಳಗೆ" ಎನ್ನುತ್ತಿದ್ದೆ. ನಾನು ಪುರೋಹಿತರ ಕಡೆಯವಳೆಂದು ತಿಳಿದು ಎಲ್ಲರೂ ಹೇಳಿದಂತೆ ಕೇಳಿದರು.

ಕೊನೆಗೆ ಹುಡುಗನ ದೊಡ್ಡಮ್ಮ ಬಂದರು. ಆ ಮನೆಯಲ್ಲಿ ಅವರ ಮಾತೇ ಮಾತು. ಕಿವಿಯಲ್ಲಿ ಹಳೇ ಕಾಲದ ಗಟ್ಟಿ ಚಿನ್ನ. ಹಾಲು ಹೊಯ್ದವರೇ ಹಾರದ ಪದಕವನ್ನು ಅಂಗೈಮೇಲೆ ಇಟ್ಟು ಮೇಲಕ್ಕೆತ್ತಿದರು, ತೂಕ ನೋಡಲು. ಭಾರ ಇರುತ್ತದೆಂದು ಜೋರಾಗಿ ಎತ್ತಿದ ಕೈ ಹಾರದ ಸಮೇತ ಹುಡುಗಿಯ ಮೂಗಿನವರೆಗೆ ಹೋಯಿತು.

"ಇದ್ಯಾಕವ್ವಾ ಇಂಗೆ? ತೂಕಾನೇ ಇಲ್ವಲ್ಲ!"

ಹುಡುಗಿ ತಲೆಯೆತ್ತಿ ಹೇಳಿಯೇ ಬಿಟ್ಟಳು. "ಇದು ಚಿನ್ನ ಅಲ್ಲ ಅತ್ತೆ. ಪೇಪರ್."

"ಪೇಪರ್ರಾ?" ದೊಡ್ಡಮ್ಮನ ಕಣ್ಣು ಅಗಲವಾಯಿತು. "ಯಾರು ಮಾಡ್ಕೊಟ್ಟಿದ್ದು?"

"ಈ ಅಕ್ಕ ಮಾಡ್ಕೊಟ್ರು."

"ಪೂರ್ತಿ ನಿನ್ನೆಸರಿಗೇನಾ?"

ಹುಡುಗಿಗೆ ಅದು ವಿಚಿತ್ರವಾಗಿ ಕೇಳಿಸಿರಬೇಕು. ಆದರೂ "ಹೂಂ ಅತ್ತೆ, ನನಗೋಸ್ಕರಾನೇ ಮಾಡಿದ್ದು" ಎಂದಳು. ದೊಡ್ಡಮ್ಮ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಬೈಗುಳ ಬರುತ್ತದೆಂದು ನಾನು ಕಣ್ಣು ಮುಚ್ಚಿಕೊಂಡೆ. ಕಣ್ಣು ಬಿಟ್ಟಾಗ ನನಗೊಂದು ಕುರ್ಚಿ ಬಂದಿತ್ತು, ಅದೂ ಮೊದಲನೇ ಸಾಲಿನಲ್ಲಿ. ಒಬ್ಬರು ಬಾದಾಮಿ ಹಾಲು ತಂದುಕೊಟ್ಟರು. ಇನ್ನೊಬ್ಬರು ಫ್ಯಾನನ್ನು ನನ್ನ ಕಡೆ ತಿರುಗಿಸಿದರು. ಎಷ್ಟು ಒಳ್ಳೆಯ ಜನ, ಕೈಕೆಲಸಕ್ಕೆ ಎಂಥ ಬೆಲೆ ಕೊಡುತ್ತಾರೆ ಎಂದು ನನಗೆ ಹೃದಯ ತುಂಬಿ ಬಂತು.

ಬಿಳಿ ಅಂಗಿಯ ಚಿಕ್ಕಪ್ಪ ಒಬ್ಬರು ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. "ಪೇಪರ್ ನೀವೇ ಮಾಡ್ಕೊಟ್ರಂತೆ ಮೇಡಂ. ಎಲ್ಲಾ ಕ್ಲಿಯರ್ ಐತಾ?"

"ಕ್ಲಿಯರ್ರೇ ಹೊಡೆದಿರೋದು ಸಾರ್" ಎಂದೆ. ಬಣ್ಣವಿಲ್ಲದ ವಾರ್ನಿಷ್ಷಿಗೆ ನಾವು ಕ್ಲಿಯರ್ ಅನ್ನುವುದು. "ಮೂರು ಕೋಟ್ ಆಗಿದೆ."

"ಮೂರು ಕೋರ್ಟಾ! ಅಂಗಾದ್ರೆ ಇನ್ಯಾರೂ ಮುಟ್ಟಂಗಿಲ್ಲ ಬುಡಿ."

"ಒದ್ದೆ ಕೈಯಲ್ಲಿ ಮುಟ್ಟಬಾರದು ಸಾರ್, ಅಷ್ಟೇ."

ಅವರು ಗಂಭೀರವಾಗಿ ತಲೆಯಾಡಿಸಿದರು. "ಡೈಮೆನ್ಷನ್ನು?"

ನನಗೆ ಎಂಥ ಖುಷಿಯಾಯಿತೆಂದರೆ, ಇಷ್ಟು ದಿನದಲ್ಲಿ ಒಬ್ಬರಾದರೂ ಸರಿಯಾದ ಪ್ರಶ್ನೆ ಕೇಳಿದರಲ್ಲ! ದೊಡ್ಡ ಪದಕದ ಅಳತೆ ಮಿಲ್ಲಿಮೀಟರಿನಲ್ಲಿ ಬಾಯಿಪಾಠವಿತ್ತು. "ಮೂವತ್ತು ಬೈ ನಲವತ್ತು ಸಾರ್. ಒಂದಿಷ್ಟೂ ಆಚೀಚೆ ಇಲ್ಲ."

"ಕಾರ್ನರ್ರಾ?"

"ಅಲ್ಲ, ನಡುಮಧ್ಯ. ಎರಡೂ ಕಡೆ ನಾಲ್ಕು ನಾಲ್ಕು ಚಿಕ್ಕವಿವೆಯಲ್ಲ."

"ಅವೂ ಉಡುಗೀದೇನಾ?"

"ಎಲ್ಲಾ ಅವಳದೇ ಸಾರ್."

ಚಿಕ್ಕಪ್ಪ ಹಣೆಯ ಬೆವರು ಒರೆಸಿಕೊಂಡರು. ಆಮೇಲೆ ಹತ್ತಿರ ಬಾಗಿ ಮೆತ್ತಗೆ ಕೇಳಿದರು. "ಎ ಖಾತಾನೋ, ಬಿ ಖಾತಾನೋ?"

ಬಾದಾಮಿ ಹಾಲು ನನ್ನ ಗಂಟಲಲ್ಲೇ ನಿಂತಿತು. ಖಾತಾ ಇರುವುದು ಸೈಟಿಗೆ, ಒಡವೆಗಲ್ಲ. ಆ ಸೀಮೆಯಲ್ಲಿ ಪೇಪರ್ ಅಂದರೆ ಒಂದೇ ಅರ್ಥ, ಸೈಟಿನ ಪತ್ರ; ಮೂವತ್ತು ಬೈ ನಲವತ್ತು ಅಂದರೆ ಅಡಿ ಲೆಕ್ಕ. ಚಿನ್ನದ ಬದಲು ಸೊಸೆ ಸೈಟು ತಂದಿದ್ದಾಳೆ, ಯಾರೋ ಅಕ್ಕ ಒಂದು ದೊಡ್ಡದು ಎಂಟು ಚಿಕ್ಕದು ಒಟ್ಟು ಒಂಬತ್ತು ಸೈಟು ಅವಳ ಹೆಸರಿಗೆ ಮಾಡಿಕೊಟ್ಟಿದ್ದಾರೆ ಎಂದು ಛತ್ರದ ತುಂಬಾ ಸುದ್ದಿಯಾಗಿಹೋಗಿತ್ತು. ಗಿಲೀಟಿನ ಸುಳ್ಳು ಕೂಡ ಬೇಡ ಎಂದಿದ್ದ ಹುಡುಗಿ ಈಗ ಮಂಟಪದಲ್ಲಿ ಒಂಬತ್ತು ಸೈಟಿನ ಒಡತಿಯಾಗಿ ನಿಂತಿದ್ದಾಳೆ! ಸುಮ್ಮನಿದ್ದರೆ ಅವಳ ಬಾಳು ಸುಳ್ಳಿನಿಂದ ಶುರುವಾಗುತ್ತದೆ. ಬಾಯಿ ಬಿಟ್ಟರೆ ಇಷ್ಟು ಜನರ ಮುಂದೆ ಮಾನ ಹೋಗುತ್ತದೆ.

ಕುರ್ಚಿ ಬಿಟ್ಟು ಮಂಟಪಕ್ಕೆ ಓಡಿ ಅವಳ ಕಿವಿಯಲ್ಲಿ ಹೇಳಿದೆ. ಅವಳು ಬಿಳಿಚಿಕೊಂಡಳು. ಆದರೆ ಒಂದು ಗಳಿಗೆಯೂ ಯೋಚಿಸಲಿಲ್ಲ. ಕಿವಿಯಿಂದ ಒಂದು ಜುಮಕಿ ಬಿಚ್ಚಿ ಪಕ್ಕದಲ್ಲೇ ನಿಂತಿದ್ದ ದೊಡ್ಡಮ್ಮನ ಅಂಗೈಯಲ್ಲಿಟ್ಟಳು.

"ಅತ್ತೆ, ತಪ್ಪು ತಿಳ್ಕೋಬೇಡಿ. ನಂಗೆ ಸೈಟೂ ಇಲ್ಲ, ಜಮೀನೂ ಇಲ್ಲ. ಪೇಪರ್ ಅಂದ್ರೆ ಇದು. ಬಣ್ಣದ ಕಾಗದ. ಇಷ್ಟೇ ನಂದು."

ಓಲಗದವರು ಆಗಲೇ ಉಸಿರು ತೆಗೆದುಕೊಳ್ಳಲು ನಿಲ್ಲಿಸಬೇಕೇ! ಇಡೀ ಛತ್ರಕ್ಕೆ ಅವಳ ಮಾತು ಕೇಳಿಸಿತು. ಹುಡುಗ ಬಂದು ಅವಳ ಪಕ್ಕ ಒತ್ತಿ ನಿಂತ. ಚಿಕ್ಕಪ್ಪ ಬಾಯಿ ತೆರೆದವರು ತೆರೆದೇ ಇದ್ದರು. ದೊಡ್ಡಮ್ಮ ಜುಮಕಿಯನ್ನು ಹಿಂದೆ ಮುಂದೆ ತಿರುಗಿಸಿದರು, ಉಗುರಿನಿಂದ ತಟ್ಟಿ ನೋಡಿದರು, ಮೂಸಿಯೂ ನೋಡಿದರು. ನಾನು ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದೆ.

ಕೊನೆಗೆ ಅವರು ಜುಮಕಿಯನ್ನು ತಾವೇ ಹುಡುಗಿಯ ಕಿವಿಗೆ ತೊಡಿಸಿ, ಚಿಕ್ಕಪ್ಪನ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದರು.

"ನಮ್ಮನೇಲಿರೋ ಪೇಪರ್‌ಗೆಲ್ಲಾ ಕೋರ್ಟಲ್ಲಿ ಸ್ಟೇ ಐತೆ. ಸ್ಟೇ ಇಲ್ದಿರೋ ಪೇಪರ್ ತಂದೋಳು ಇವಳೊಬ್ಬಳೇ ಕಣ್ಲಾ. ಸುಮ್ಕೆ ಊಟಕ್ಕೆ ನಡಿ!"